ಬೆಂಕಿ ಆರಿದ ಮೇಲೆ: ಹೊಗೆ ಹಿಡಿದ ದಾಖಲೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ರೆಕಾರ್ಡ್ ರೂಮಿಗೆ ಬೆಂಕಿ ಬಿದ್ದರೆ ಎಷ್ಟು ಸುಟ್ಟಿತು ಎಂಬ ಸುದ್ದಿ ಮರುದಿನವೇ ಪತ್ರಿಕೆಯಲ್ಲಿ ಬರುತ್ತದೆ. ಸುಡದೆ ಉಳಿದು, ಮೈತುಂಬ ಮಸಿ ಮೆತ್ತಿಕೊಂಡು ರ್‍ಯಾಕಿನಲ್ಲೇ ಕೂತಿರುವ ಕಡತಗಳ ಗತಿ ಏನಾಯಿತೆಂದು ಕೇಳುವವರು ಕಡಿಮೆ. ಎಷ್ಟೋ ಕಡೆ ಹೀಗೆ ಉಳಿದದ್ದೇ ಸುಟ್ಟದ್ದಕ್ಕಿಂತ ಹೆಚ್ಚು. 1986ರ ಏಪ್ರಿಲ್ 29ರಂದು ಲಾಸ್ ಏಂಜಲೀಸ್ ಕೇಂದ್ರ ಗ್ರಂಥಾಲಯದಲ್ಲಿ ಸುಟ್ಟುಹೋದ ಪುಸ್ತಕ ಸುಮಾರು 4 ಲಕ್ಷ. ಹೊಗೆ ಮತ್ತು ನೀರಿಗೆ ಸಿಕ್ಕು ಕೆಟ್ಟದ್ದು ಸುಮಾರು 7 ಲಕ್ಷ. ಆ 7 ಲಕ್ಷದಂಥವನ್ನು ಕಾಪಾಡಬಹುದು. ಮೊದಲ ಕೆಲವು ದಿನ ನಮ್ಮ ಕೈ ಹೇಗೆ ನಡೆದುಕೊಳ್ಳುತ್ತದೆ ಎಂಬುದರ ಮೇಲೆ ಅದು ನಿಂತಿದೆ. ತಾಲ್ಲೂಕು ಕಚೇರಿ, ಮಠ, ಕಾಲೇಜು, ಗ್ರಂಥಾಲಯ, ಮನೆ, ಹೀಗೆ ಹಳೆಯ ಕಾಗದಪತ್ರ ಎಲ್ಲೆಲ್ಲಿ ಇದೆಯೋ ಅಲ್ಲಿನವರಿಗಾಗಿ ಈ ಪ್ರಶ್ನೋತ್ತರ.

ಬೆಂಕಿ ಆರಿಸಿ ಅಗ್ನಿಶಾಮಕ ದಳದವರು ಹೊರಟಿದ್ದಾರೆ. ಮೊದಲು ಏನು ಮಾಡಬೇಕು?

ಒಳಗೆ ಹೋಗಬಹುದು ಎಂದು ಅವರು ಹೇಳುವವರೆಗೆ ಹೊರಗೇ ಇರಿ. ಗೋಡೆ, ಛಾವಣಿ, ವೈರಿಂಗ್ ಯಾವುದನ್ನೂ ನಂಬುವ ಹಾಗಿಲ್ಲ. ಪೊಲೀಸರ ಮಹಜರು ಆಗದೆ ಒಂದು ಹಾಳೆಯನ್ನೂ ಜರುಗಿಸಬೇಡಿ. ಬೆಂಕಿಯ ಕಾರಣ ಹುಡುಕುವುದಕ್ಕೂ ವಿಮೆಗೂ ಅದು ಬೇಕು. ಆದರೆ ಒದ್ದೆಯಾದ ದಾಖಲೆಗೆ ಕಾಯುವಷ್ಟು ವ್ಯವಧಾನ ಇರುವುದಿಲ್ಲ. ಆದ್ದರಿಂದ ಮಹಜರು ಅದೇ ದಿನ ಆಗಲಿ ಎಂದು ಮೇಲಧಿಕಾರಿಗಳ ಮೂಲಕ ಒತ್ತಾಯಿಸಿ.

ಒಳಗೆ ಹೋದ ಮೇಲೆ ಫ್ಯಾನ್ ಹಾಕಬೇಡಿ. ಎ.ಸಿ., ಕೂಲರ್ ಕೂಡ ಬೇಡ. ಘಾಟು ತಡೆಯಲಾರದೆ ಯಾರೋ ಒಬ್ಬರು ಸ್ವಿಚ್ ಒತ್ತುತ್ತಾರೆ, ನೆಲಕ್ಕೆ ಇಳಿದು ಕೂತಿದ್ದ ಮಸಿಯೆಲ್ಲ ಮೇಲೆದ್ದು ಅಲ್ಲಿಯವರೆಗೆ ಚೊಕ್ಕಟವಾಗಿದ್ದ ಕಟ್ಟುಗಳ ಮೇಲೂ ಕೂರುತ್ತದೆ. ಕಿಟಕಿ ತೆರೆಯಿರಿ, ಗಾಳಿ ತಾನಾಗಿ ಆಡಲಿ. ಕಸಬರಿಗೆ ಮುಟ್ಟಬೇಡಿ. ಪ್ರತಿ ರ್‍ಯಾಕಿನ ಫೋಟೊ ತೆಗೆಯಿರಿ: ಮೊದಲು ದೂರದಿಂದ, ಆಮೇಲೆ ರ್‍ಯಾಕ್ ಸಂಖ್ಯೆ ಕಾಣುವಂತೆ ಹತ್ತಿರದಿಂದ. ಮುಂದೆ ಯಾವ ಕಟ್ಟು ಎಲ್ಲಿಂದ ಬಂತು ಎಂಬ ಪ್ರಶ್ನೆ ಬಂದೇ ಬರುತ್ತದೆ. ಆಗ ಈ ಫೋಟೊಗಳೇ ಗತಿ.

ಹೊಗೆ ಎಂದರೆ ಬರೀ ಕಪ್ಪು ಮಸಿ ತಾನೆ? ಒರೆಸಿದರೆ ಹೋಗುವುದಿಲ್ಲವೇ?

ಕಣ್ಣಿಗೆ ಕಾಣುವುದು ಮಸಿ. ಆ ಮಸಿ ಬರೀ ಇಂಗಾಲವಲ್ಲ, ಅದರ ಮೈಗೆ ಡಾಂಬರಿನಂಥ ಜಿಡ್ಡು ಅಂಟಿರುತ್ತದೆ. ಜೊತೆಗೆ ಏನು ಉರಿಯಿತೋ ಅದರ ಅನಿಲಗಳು. ಮರದ ಬೀರು, ಕಾಗದ ಉರಿದರೆ ಅಸಿಟಿಕ್ ಮತ್ತು ಫಾರ್ಮಿಕ್ ಆಮ್ಲ, ಫಾರ್ಮಾಲ್ಡಿಹೈಡ್. ರಬ್ಬರ್ ಉರಿದರೆ ಗಂಧಕದ ಡೈಆಕ್ಸೈಡ್. ಎಲ್ಲಕ್ಕಿಂತ ಕೆಟ್ಟದ್ದು ವೈರು. ವೈರಿನ ಹೊದಿಕೆ, ಕೇಸಿಂಗ್ ಪಟ್ಟಿ, ಪೈಪು ಎಲ್ಲ ಪಿ.ವಿ.ಸಿ.; ಪಿ.ವಿ.ಸಿ. ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕ್ಲೋರಿನ್. ಉರಿದಾಗ ಅದು ಹೈಡ್ರೋಜನ್ ಕ್ಲೋರೈಡ್ ಆಗುತ್ತದೆ, ಗಾಳಿಯ ತೇವ ಸೇರಿದರೆ ಹೈಡ್ರೋಕ್ಲೋರಿಕ್ ಆಮ್ಲ. ಶಾರ್ಟ್ ಸರ್ಕ್ಯೂಟಿನಿಂದ ಶುರುವಾದ ಬೆಂಕಿಯಲ್ಲಿ ಇದು ಇದ್ದೇ ಇರುತ್ತದೆ ಎಂದೇ ಹಿಡಿಯಿರಿ. ನಾಲ್ಕಾರು ದಿನದಲ್ಲಿ ಹೊಸ ಗುಂಡುಸೂಜಿ, ಸ್ಟೇಪ್ಲರ್ ಪಿನ್, ಬೀಗದ ಕೈಗಳ ಮೇಲೆ ತುಕ್ಕು ಕಾಣಿಸಿಕೊಂಡರೆ ಅದರ ಗುರುತು ಸಿಕ್ಕಿತು.

ಕಾಗದದ ಬಲವೆಲ್ಲ ಇರುವುದು ಸೆಲ್ಯುಲೋಸಿನ ಉದ್ದನೆಯ ಸರಪಳಿಗಳಲ್ಲಿ. ಆಮ್ಲ ಅವನ್ನು ಕೊಂಡಿ ಕೊಂಡಿಯಾಗಿ ಕತ್ತರಿಸುತ್ತದೆ, ನಿಧಾನವಾಗಿ, ವರ್ಷಗಟ್ಟಲೆ. ಬೆಂಕಿ ಆರಿದ ಮೇಲೂ ಹಾನಿ ಮುಂದುವರಿಯುತ್ತದೆ ಎನ್ನುವುದು ಈ ಕಾರಣಕ್ಕೆ. ಇತ್ತ ಮಸಿಯ ಜಿಡ್ಡು ದಿನ ಕಳೆದಂತೆ ಕಾಗದದ ನಾರಿನೊಳಗೆ ಇಳಿಯುತ್ತದೆ. ಈ ವಾರ ಸ್ಪಂಜಿಗೆ ಬರುವ ಮಸಿ ಮುಂದಿನ ಮಳೆಗಾಲದ ಹೊತ್ತಿಗೆ ಕಲೆಯಾಗಿ ನಿಂತಿರುತ್ತದೆ.

ನಮ್ಮ ಕೋಣೆಗೆ ಬೆಂಕಿ ತಾಗಲೇ ಇಲ್ಲ, ಎರಡು ಕೋಣೆ ಆಚೆ ಬಿದ್ದದ್ದು. ನಾವೇಕೆ ಚಿಂತಿಸಬೇಕು?

ಹೊಗೆಗೆ ಬಾಗಿಲ ಸಂದಿ, ಕೇಬಲ್ ತೂತು, ಎ.ಸಿ. ಡಕ್ಟ್, ಮೆಟ್ಟಿಲು, ಯಾವುದಾದರೂ ಸಾಕು. ಬಿಸಿ ಹೊಗೆ ಮೇಲೇರಿ ತಣ್ಣನೆಯ ಜಾಗ ಸಿಕ್ಕಲ್ಲಿ ಕೂರುತ್ತದೆ: ಹೊರಗೋಡೆಗೆ ಆನಿಸಿದ ಕಬ್ಬಿಣದ ಬೀರು, ಕಿಟಕಿ ಗಾಜು, ಮೇಲಿನ ಮಹಡಿಯ ಮೂಲೆ.

ಪರೀಕ್ಷೆ ಸುಲಭ. ಬಿಳಿ ಹತ್ತಿ ಉಂಡೆಯನ್ನು ರ್‍ಯಾಕಿನ ತಗಡಿನ ಮೇಲೆ ಒಂದು ಗೇಣು ಒರೆಸಿ ನೋಡಿ. ಧೂಳಾದರೆ ಬೂದುಬಣ್ಣ, ಉದುರುತ್ತದೆ. ಮಸಿಯಾದರೆ ಕಪ್ಪು, ಹತ್ತಿಗೆ ಅಂಟಿಕೊಳ್ಳುತ್ತದೆ, ಬೆರಳಲ್ಲಿ ಉಜ್ಜಿದರೆ ಜಾರುತ್ತದೆ. ಇದನ್ನು ಕಾಗದದ ಮೇಲೆ ಮಾಡಬೇಡಿ, ತಗಡಿನ ಮೇಲೆ ಮಾತ್ರ. ಕೋಣೆಯ ನಾಲ್ಕು ಮೂಲೆಯಲ್ಲೂ ಮೇಲಿನ, ನಡುವಿನ, ಕೆಳಗಿನ ತಟ್ಟೆಗಳಲ್ಲಿ ಒರೆಸಿ, ಉಂಡೆಗಳನ್ನು ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಜಾಗ ಬರೆದಿಡಿ. ಹೊಗೆ ಎಲ್ಲಿವರೆಗೆ ಹೋಗಿದೆ ಎಂಬ ನಕ್ಷೆ ಸಿಗುತ್ತದೆ, ವಿಮೆಯವರಿಗೆ ಸಾಕ್ಷಿಯೂ ಆಗುತ್ತದೆ.

ಮಸಿಯೂ ಹಿಡಿದಿದೆ, ಪೈಪಿನ ನೀರಿಗೆ ಒದ್ದೆಯೂ ಆಗಿದೆ. ಯಾವುದು ಮೊದಲು?

ನೀರು. ಮಸಿಯ ಮಾತು ಸದ್ಯಕ್ಕೆ ಮರೆತುಬಿಡಿ. ಒದ್ದೆ ಕಾಗದದಲ್ಲಿ 48ರಿಂದ 72 ಗಂಟೆಯೊಳಗೆ ಬೂಷ್ಟು ಬರುತ್ತದೆ, ನಮ್ಮ ಕರಾವಳಿಯ ಸೆಕೆಯಲ್ಲಿ ಅದಕ್ಕೂ ಮೊದಲೇ ಬರಬಹುದು. ಒದ್ದೆಯಾದದ್ದನ್ನು ಒರೆಸಿದರೆ ಮಸಿ ನಾರಿನೊಳಕ್ಕೆ ಹೊಕ್ಕು ಕೂರುತ್ತದೆ. ಹಾಗೇ ಎತ್ತಿ, ತೆಳು ಪ್ಲಾಸ್ಟಿಕ್ಕಿನಲ್ಲಿ ಸಡಿಲವಾಗಿ ಸುತ್ತಿ, ತರಕಾರಿ ಕ್ರೇಟಿನಲ್ಲಿ ಒಂದೇ ಸಾಲಾಗಿ ಇಟ್ಟು ಹೆಪ್ಪುಗಟ್ಟಿಸಬೇಕು. ಮೈನಸ್ 20 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕೆಳಗೆ ಹೋದರೆ ಬೂಷ್ಟು ನಿಲ್ಲುತ್ತದೆ, ಶಾಯಿ ಹರಡುವುದು ನಿಲ್ಲುತ್ತದೆ, ನಿಮಗೆ ತಿಂಗಳುಗಟ್ಟಲೆ ಸಮಯ ಸಿಗುತ್ತದೆ. ಲಾಸ್ ಏಂಜಲೀಸಿನವರು ಮಾಡಿದ್ದೂ ಇದನ್ನೇ. ಒದ್ದೆ ಪುಸ್ತಕಗಳೆಲ್ಲ ಆಹಾರ ಇಡುವ ಶೀತಲ ಗೋದಾಮು ಸೇರಿದವು.

ನಮ್ಮಲ್ಲಿ ಕೋಲ್ಡ್ ಸ್ಟೋರೇಜ್ ಎಂದರೆ ಎಲ್ಲವೂ ಒಂದೇ ಅಲ್ಲ. ಬ್ಯಾಡಗಿಯ ಮೆಣಸಿನಕಾಯಿ ಗೋದಾಮುಗಳಂಥವು ತಂಪಾಗಿಡುತ್ತವೆಯೇ ಹೊರತು ಹೆಪ್ಪುಗಟ್ಟಿಸುವುದಿಲ್ಲ. ಅಲ್ಲಿಟ್ಟರೆ ಬೂಷ್ಟು ಸ್ವಲ್ಪ ತಡವಾಗುತ್ತದೆ ಅಷ್ಟೇ. ಮೀನು, ಐಸ್‌ಕ್ರೀಮ್ ಇಡುವಂಥದ್ದು ಬೇಕು. ಮಂಗಳೂರು, ಮಲ್ಪೆ ಕಡೆಯವರಿಗೆ ಅದು ಹತ್ತಿರದಲ್ಲೇ ಇದೆ. ಊರಿನ ಯಾವ ಗೋದಾಮಿನವರು ಇಂಥ ಹೊತ್ತಿನಲ್ಲಿ ಜಾಗ ಕೊಡುತ್ತಾರೆ ಎಂದು ಬೆಂಕಿ ಬೀಳುವ ಮುಂಚೆಯೇ ಮಾತಾಡಿಟ್ಟುಕೊಳ್ಳುವುದು ಒಳ್ಳೆಯದು.

ಹೆಪ್ಪುಗಟ್ಟಿದ್ದನ್ನು ಒಣಗಿಸಲು ನಿರ್ವಾತದಲ್ಲಿ ಒಣಗಿಸುವ ಯಂತ್ರ ಉತ್ತಮ. ಅದಿಲ್ಲದಿದ್ದರೆ ದಿನಕ್ಕೆ ಎಷ್ಟು ಕೈಗೆ ನಿಲುಕುತ್ತದೋ ಅಷ್ಟೇ ಹೊರಗೆ ತೆಗೆದು, ಮಸಿ ಇಲ್ಲದ ಬೇರೆ ಕೋಣೆಯಲ್ಲಿ, ಹಾಳೆಗಳ ನಡುವೆ ಒತ್ತುಕಾಗದ ಇಟ್ಟು ಒಣಗಿಸಿ. ಬಿಸಿಲಿಗೆ ಹಾಕಬೇಡಿ, ಹೇರ್ ಡ್ರೈಯರ್ ಹಿಡಿಯಬೇಡಿ. ನುಣುಪು ಕಾಗದದ ಸ್ಮರಣ ಸಂಚಿಕೆ, ಆರ್ಟ್ ಪೇಪರಿನ ಪುಸ್ತಕಗಳು ಒಣಗುತ್ತಾ ಹೋದಂತೆ ಹಾಳೆಗೆ ಹಾಳೆ ಅಂಟಿ ಇಟ್ಟಿಗೆಯಂತಾಗುತ್ತವೆ. ಅವನ್ನು ಒಣಗಲು ಬಿಡದೆ ಎಲ್ಲಕ್ಕಿಂತ ಮೊದಲು ಹೆಪ್ಪುಗಟ್ಟಿಸಿ.

ಗಾಜಿನ ನೆಗೆಟಿವ್ ಮತ್ತು ಮ್ಯಾಗ್ನೆಟಿಕ್ ಟೇಪನ್ನು ಮಾತ್ರ ಫ್ರೀಜರಿಗೆ ಹಾಕಬಾರದು.

ಸ್ಪಿರಿಟ್, ಸೋಪಿನ ನೀರು, ಒದ್ದೆ ಬಟ್ಟೆ, ಇವುಗಳಲ್ಲಿ ಯಾವುದರಿಂದ ಒರೆಸಬೇಕು?

ಯಾವುದರಿಂದಲೂ ಬೇಡ. ಮಸಿಯನ್ನು ಒಣಗಿದ್ದಾಗಲೇ, ಒಣ ಸಾಧನದಿಂದಲೇ ತೆಗೆಯಬೇಕು. ಮಸಿಗೆ ನೀರು ಸೇರಿದರೆ ನೀವೇ ಶಾಯಿ ಅರೆದಂತೆ. ಹಳೆಯ ಕಂದಾಯ ಕಡತಗಳಲ್ಲಿ ಇನ್ನೊಂದು ಅಪಾಯ ಇದೆ. ಬಣ್ಣ ಬೆರೆಸಿ ಮಾಡುತ್ತಿದ್ದ ಕಾಪಿಯಿಂಗ್ ಪೆನ್ಸಿಲಿನ ಬರಹ ನೀರು ಸೋಕಿದರೆ ನೇರಳೆಯಾಗಿ ಹರಡುತ್ತದೆ. ರಬ್ಬರ್ ಮೊಹರಿನ ಶಾಯಿ ಸ್ಪಿರಿಟ್ಟಿಗೂ ಕರಗುತ್ತದೆ. ಮೊಹರು ಅಳಿಸಿಹೋದ ಕ್ರಯಪತ್ರ ಎಷ್ಟು ಬಿಳುಪಾಗಿದ್ದರೆ ಏನು ಪ್ರಯೋಜನ?

ಸರಿ, ಒಣ ಕಾಗದದ ಮೇಲಿನ ಮಸಿ ತೆಗೆಯುವ ಕ್ರಮ ಹೇಳಿ.

ಬೇಕಾದ ಸಾಮಾನು ಮೂರು. ಒಂದು, ಹೆಪಾ ಫಿಲ್ಟರ್ ಇರುವ, ಎಳೆತ ಕಡಿಮೆ ಮಾಡಬಹುದಾದ ವ್ಯಾಕ್ಯೂಮ್ ಕ್ಲೀನರ್. ಹೆಪಾ ಎಂದರೆ 0.3 ಮೈಕ್ರಾನಿನ ಕಣಗಳಲ್ಲಿ ನೂರಕ್ಕೆ 99.97 ಪಾಲು ಹಿಡಿಯುವ ಸೋಸುಗ. ಮನೆಯ ಮಾಮೂಲಿ ವ್ಯಾಕ್ಯೂಮ್ ಮುಂದಿನಿಂದ ಎಳೆದ ಮಸಿಯನ್ನು ಹಿಂದಿನಿಂದ ಕೋಣೆಗೇ ಊದುತ್ತದೆ. ಎರಡು, ಮೆತ್ತನೆಯ ಅಗಲ ಬ್ರಷ್. ಮೂರು, ವಲ್ಕನೀಕರಿಸಿದ ರಬ್ಬರಿನ ಒಣ ಸ್ಪಂಜು. ಸಂರಕ್ಷಣಾ ಸಾಮಗ್ರಿ ಮಾರುವವರ ಬಳಿ ಸ್ಮೋಕ್ ಸ್ಪಂಜ್ ಎಂದು ಕೇಳಿ. ಇದಕ್ಕೆ ನೀರು ಮುಟ್ಟಿಸಬಾರದು, ತೊಳೆದು ಮತ್ತೆ ಬಳಸಬಾರದು.

ರಿಜಿಸ್ಟರನ್ನು ತೆರೆಯುವ ಮುಂಚೆ ಹೊರಗಿನದ್ದು ಮುಗಿಯಬೇಕು. ಒತ್ತಾಗಿ ಜೋಡಿಸಿದ ಅಥವಾ ಬಿಗಿಯಾಗಿ ಕಟ್ಟಿದ ಕಾಗದದೊಳಗೆ ಹೊಗೆ ಸುಲಭಕ್ಕೆ ನುಗ್ಗುವುದಿಲ್ಲ, ಮಸಿ ಬಹುತೇಕ ಅಂಚಿನಲ್ಲೇ ನಿಂತಿರುತ್ತದೆ. ಕಟ್ಟು ಬಿಚ್ಚಿದ ಕೂಡಲೇ ಅಂಚಿನ ಮಸಿ ಒಳಹಾಳೆಗಳ ಮೇಲೆ ಉದುರುತ್ತದೆ. ಆದ್ದರಿಂದ ರಿಜಿಸ್ಟರನ್ನು ಒಂದು ಕೈಯಲ್ಲಿ ಬಿಗಿಯಾಗಿ ಮುಚ್ಚಿ ಹಿಡಿದು, ಮೇಲಂಚಿನಿಂದ ಶುರುಮಾಡಿ. ವ್ಯಾಕ್ಯೂಮಿನ ಬಾಯಿಗೆ ತೆಳು ಜಾಲರಿ ಬಟ್ಟೆ ಕಟ್ಟಿ ಅಂಚಿನಿಂದ ಒಂದು ಬೆರಳು ದೂರ ಹಿಡಿಯಿರಿ, ಬ್ರಷ್ಷಿನಿಂದ ಮಸಿಯನ್ನು ಅದರತ್ತ ದೂಡಿ. ಬೆನ್ನಿನ ಕಡೆಯಿಂದ ಹೊರಕ್ಕೆ, ಒಂದೇ ದಿಕ್ಕು.

ಆಮೇಲೆ ಸ್ಪಂಜು. ಮೊದಲ ಸುತ್ತಿನಲ್ಲಿ ಉಜ್ಜಬೇಡಿ, ಒತ್ತಿ ಎತ್ತಿ. ಎರಡನೆಯ ಸುತ್ತಿಗೆ ಶ್ಯಾನುಭೋಗರ ಕಾಲದ ಒಂದು ಲೆಕ್ಕದ ಹಾಳೆಯನ್ನು ಕಣ್ಣಮುಂದೆ ತಂದುಕೊಳ್ಳಿ: ಅಂಚೆಲ್ಲ ಕಪ್ಪು, ಒಳಗೆ ಬರುಬರುತ್ತಾ ಬೂದು, ನಡುವೆ ಕಾಗದದ ಸ್ವಂತ ಬಣ್ಣ. ನಡುವಿನ ಚೊಕ್ಕಟ ಜಾಗವನ್ನು ಮುಟ್ಟದೆ, ಬೂದು ಶುರುವಾಗುವಲ್ಲಿ ಸ್ಪಂಜಿಟ್ಟು, ಅಂಚಿನ ಕಡೆಗೆ ಎರಡು ಬೆರಳಗಲ ಸಣ್ಣ ಗೀಟು ಎಳೆದು ಎತ್ತಬೇಕು. ಮೂರ್ನಾಲ್ಕು ಗೀಟಿಗೆ ಸ್ಪಂಜಿನ ಆ ಮುಖ ಕಪ್ಪಾಗುತ್ತದೆ. ಬ್ಲೇಡಿನಿಂದ ಅಷ್ಟನ್ನು ಹೆರೆದು ಬಿಸಾಕಿ ಹೊಸ ಮುಖ ತೆಗೆದುಕೊಳ್ಳಿ. ಕಪ್ಪಾದ ಮುಖದಲ್ಲೇ ಮುಂದುವರಿದರೆ ಒಂದು ಕಡೆಯ ಮಸಿಯನ್ನು ಇನ್ನೊಂದು ಕಡೆ ಬಳಿದಂತಾಗುತ್ತದೆ. ಅಂಚಿಗೆ ಬಂದಾಗ ಗೀಟು ಯಾವಾಗಲೂ ಹೊರಕ್ಕೇ ಹೋಗಲಿ. ಒಳಕ್ಕೆ ಎಳೆದರೆ ಸೊರಗಿದ ಅಂಚು ಮಡಿಚಿ ಹರಿಯುತ್ತದೆ. ಪೆನ್ಸಿಲ್ ಬರಹ ಇದ್ದರೆ ಅಲ್ಲಿಗೆ ಕೈ ನಿಲ್ಲಿಸಿ, ಸ್ಪಂಜು ಅದನ್ನೂ ಎತ್ತಿಬಿಡುತ್ತದೆ.

ಹಾಳೆ ಹಾಲಿನಂತೆ ಬೆಳ್ಳಗಾಗಲಿ ಎಂದು ಹಟ ಹಿಡಿಯಬೇಡಿ. ಸ್ಪಂಜಿಗೆ ಬರುವುದು ನಿಂತಾಗ ನಿಮ್ಮ ಕೆಲಸ ಮುಗಿಯಿತು. ಉಳಿದ ಕಲೆ ಉಳಿಯಲಿ, ಅದು ಓದಲು ಅಡ್ಡಿಯಲ್ಲ.

ಸ್ಪಂಜು ಸಿಗಲಿಲ್ಲ. ಶಾಲೆಯ ರಬ್ಬರಿನಲ್ಲಿ ಉಜ್ಜಬಹುದೇ?

ಬೇಡ, ಮಸಿಯನ್ನು ಒಳಗೆ ತಿಕ್ಕಿದಂತಾಗುತ್ತದೆ. ಸ್ಪಂಜು ಬರುವವರೆಗೆ ಬ್ರಷ್ ಮತ್ತು ಹೆಪಾ ವ್ಯಾಕ್ಯೂಮ್ ಎರಡರಲ್ಲೇ ಕೆಲಸ ನಡೆಯಲಿ.

ಓಲೆಗರಿ ಮತ್ತು ಹಳೆಯ ಕಪ್ಪು ಬಟ್ಟೆಯ ಕಡತಗಳಿಗೂ ಇದೇ ಕ್ರಮವೇ?

ಖಂಡಿತ ಅಲ್ಲ. ಇಲ್ಲಿ ದಯವಿಟ್ಟು ನಿಧಾನಿಸಿ. ನಮ್ಮ ಓಲೆಗರಿಯಲ್ಲಿ ಬರಹವೇ ಮಸಿ. ಕಂಟ ಎಂಬ ಲೋಹದ ಮೊನೆಯಿಂದ ಗರಿಯ ಮೇಲೆ ಅಕ್ಷರ ಕೊರೆದು, ಆ ಗೀರುಗಳಲ್ಲಿ ದೀಪದ ಕಾಡಿಗೆ ತುಂಬಿ, ಮೇಲಿನದ್ದನ್ನು ಒರೆಸಿ ತೆಗೆದಿರುತ್ತಾರೆ. ಬೆಂಕಿಯ ಮಸಿ ತೆಗೆಯಲು ಹೋದ ಕೈ ಅಕ್ಷರದ ಕಾಡಿಗೆಯನ್ನೂ ತೆಗೆದುಬಿಟ್ಟರೆ, ಓಲೆ ಬೋಳಾಗಿ ಕೊರೆದ ಗೀರು ಮಾತ್ರ ಉಳಿಯುತ್ತದೆ. ಅದನ್ನು ಮತ್ತೆ ತುಂಬಿ ಓದಲು ಸಾಧ್ಯ ನಿಜ, ಆದರೆ ಅದು ತಜ್ಞರ ಕೆಲಸ.

ಸಮಾಧಾನದ ವಿಷಯ ಏನೆಂದರೆ, ಮೇಲೆ ಕೆಳಗೆ ಮರದ ಹಲಗೆ ಇಟ್ಟು ದಾರ ಬಿಗಿದ ಕಟ್ಟಿನೊಳಗೆ ಹೊಗೆ ಹೆಚ್ಚು ಹೋಗಿರುವುದಿಲ್ಲ. ದಾರ ಬಿಚ್ಚದೆ ಹಲಗೆ ಮತ್ತು ಅಂಚುಗಳನ್ನು ಮೆತ್ತನೆಯ ಬ್ರಷ್ಷಿನಿಂದ ಚೊಕ್ಕಟ ಮಾಡಿ. ಕಾವಿಗೆ ಗರಿ ಒಣಗಿ ಮುರುಟಿದ್ದರೆ ಬಲವಂತವಾಗಿ ಬಿಡಿಸಬೇಡಿ, ಬೆರಳಿನಡಿಯಲ್ಲೇ ಹಪ್ಪಳದಂತೆ ಮುರಿಯುತ್ತದೆ. ತೇವಾಂಶ ನಿಧಾನಕ್ಕೆ ಮರಳಿ ಕೊಟ್ಟು ಬಿಡಿಸುವ ವಿಧಾನ ಬಲ್ಲವರು ಇದ್ದಾರೆ, ಅವರು ಬರುವವರೆಗೆ ಕಟ್ಟು ಹಾಗೇ ಇರಲಿ.

ಶೃಂಗೇರಿ ಮಠದಲ್ಲಿರುವಂಥ ಕಡತಗಳದ್ದು ಇನ್ನೂ ಸೂಕ್ಷ್ಮ ಸಂಗತಿ. ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಪದರ ಪದರವಾಗಿ ಮಡಿಚಿ, ಬಳಪದಿಂದ ಬೆಳ್ಳಗೆ ಬರೆದದ್ದು ಅದು. ಸ್ಪಂಜು ಒಂದು ಸಲ ಒತ್ತಿದರೆ ಸಾಕು, ಬಳಪದ ಪುಡಿ ಮಸಿಗಿಂತ ಮೊದಲು ಎದ್ದುಬರುತ್ತದೆ. ಒಂದು ಮಠದ ಭೂಮಿಯ ಲೆಕ್ಕ, ದಾನದ ವಿವರ, ಪತ್ರದ ನಕಲು ಎಲ್ಲ ಆ ಬಿಳಿ ಪುಡಿಯ ಮೇಲೆ ನಿಂತಿರುತ್ತದೆ. ವ್ಯಾಕ್ಯೂಮ್ ಹತ್ತಿರ ತರಬೇಡಿ, ಊದಬೇಡಿ, ಕೊಡವಬೇಡಿ. ಮಡಿಕೆ ತೆರೆಯದೆ ತಟ್ಟೆಯ ಮೇಲಿಟ್ಟು ಸಮತಟ್ಟಾಗಿ ಸಾಗಿಸಿ. ಮಸಿಯಿಂದ ಬರಹ ಮಬ್ಬಾಗಿದ್ದರೆ, ಯಾವ ಶುಚಿಗೂ ಮುಂಚೆ ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟು ಫೋಟೊ ತೆಗೆಸಿ. ಅದೊಂದೇ ನಕಲಾಗಿ ಉಳಿದರೂ ಉಳಿಯಬಹುದು.

ತಾಮ್ರಪಟಗಳು ಲೋಹ ತಾನೆ, ಅವಕ್ಕೇನಾಗುತ್ತದೆ?

ಪಿ.ವಿ.ಸಿ. ಹೊಗೆಯ ಕ್ಲೋರೈಡ್ ತಾಮ್ರಕ್ಕೆ ಪರಮ ಶತ್ರು. ತೇವ ಸೇರಿದರೆ ತಿಳಿ ಹಸಿರು ಪುಡಿ ಚುಕ್ಕಿ ಚುಕ್ಕಿಯಾಗಿ ಏಳುತ್ತದೆ, ಒಮ್ಮೆ ಶುರುವಾದರೆ ತಾನಾಗಿ ನಿಲ್ಲುವುದಿಲ್ಲ. ಹುಣಸೆಹಣ್ಣು ಹಾಕಿ ತಿಕ್ಕುವ ಯೋಚನೆ ಯಾರಿಗೂ ಬರದಿರಲಿ. ಬರಿಗೈಯಲ್ಲಿ ಮುಟ್ಟದೆ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಚೀಲಗಳ ಜೊತೆ ಒಣದಾಗಿ ಇಟ್ಟು, ತಜ್ಞರಿಗೆ ತೋರಿಸಿ.

ಫೋಟೊ, ನೆಗೆಟಿವ್, ಕ್ಯಾಸೆಟ್, ಹಾರ್ಡ್ ಡಿಸ್ಕ್?

ಫೋಟೊದ ಮೇಲ್ಮೈ ಜೆಲಟಿನ್, ಸುಲಭವಾಗಿ ಗೀರು ಬೀಳುತ್ತದೆ. ಕೈಯಿಂದ ಒತ್ತುವ ರಬ್ಬರ್ ಬ್ಲೋವರಿನಿಂದ ಊದಿ, ತೀರಾ ಮೆತ್ತನೆಯ ಬ್ರಷ್ ಆಡಿಸಿ, ಅಷ್ಟಕ್ಕೆ ನಿಲ್ಲಿಸಿ. ಕಪ್ಪು-ಬಿಳುಪು ಫೋಟೊದಲ್ಲಿ ಚಿತ್ರ ಮೂಡಿರುವುದೇ ಬೆಳ್ಳಿಯಲ್ಲಿ. ಹೊಗೆಯ ಗಂಧಕ ಅದನ್ನು ಮಂಕಾಗಿಸುತ್ತದೆ. ಹಾಗಾಗಿ ಹೊಗೆ ಹಿಡಿದ ಲಕೋಟೆ, ಆಲ್ಬಮ್ಮಿನಿಂದ ಫೋಟೊಗಳನ್ನು ಬೇಗ ಬಿಡಿಸಿ ಹೊಸ ಲಕೋಟೆಗೆ ಹಾಕಿ. ಹಳೆಯ ಲಕೋಟೆಯ ಮೇಲಿನ ಬರಹವನ್ನು ನಕಲು ಮಾಡಿಕೊಳ್ಳಲು ಮರೆಯಬೇಡಿ.

ಕ್ಯಾಸೆಟ್, ಟೇಪುಗಳನ್ನು ಕೆಟ್ಟಿದೆಯೋ ಇಲ್ಲವೋ ನೋಡೋಣ ಎಂದು ಹಾಕಿ ಕೇಳಬೇಡಿ. ಒಂದು ಕಣ ಮಸಿ ಟೇಪಿನ ಉದ್ದಕ್ಕೂ ಗೀರು ಎಳೆಯುತ್ತದೆ, ಯಂತ್ರದ ಹೆಡ್ಡೂ ಹಾಳು. ಸಿ.ಡಿ.ಗಳನ್ನು ನಡುವಿನಿಂದ ಹೊರಕ್ಕೆ ನೇರವಾಗಿ ಒರೆಸಿ, ಸುತ್ತಲೂ ತಿರುಗಿಸಿ ಒರೆಸಬೇಡಿ. ಹಾರ್ಡ್ ಡಿಸ್ಕಿಗೆ ವಿದ್ಯುತ್ ಕೊಡಬೇಡಿ.

1950ರ ದಶಕಕ್ಕೆ ಮುಂಚಿನ ಸಿನಿಮಾ ರೀಲುಗಳು ಬೇಗ ಹೊತ್ತಿಕೊಳ್ಳುವ ಸೆಲ್ಯುಲೋಸ್ ನೈಟ್ರೇಟಿನವು ಆಗಿರಬಹುದು. ಅದು ಉರಿಯುವಾಗ ತನಗೆ ಬೇಕಾದ ಆಮ್ಲಜನಕವನ್ನು ತಾನೇ ಒದಗಿಸಿಕೊಳ್ಳುತ್ತದೆ, ನೀರಿಗೂ ಜಗ್ಗುವುದಿಲ್ಲ, ಹೊಗೆಯೂ ವಿಷ. 2003ರ ಜನವರಿಯಲ್ಲಿ ಪುಣೆಯಲ್ಲಿ ಹೀಗೆ ಸುಟ್ಟುಹೋದ ನೈಟ್ರೇಟ್ ರೀಲುಗಳಲ್ಲಿ ಭಾರತದ ಆರಂಭಕಾಲದ ಚಿತ್ರಗಳಿದ್ದವು. ಅಂಥ ರೀಲು ಬಿಸಿಗೆ ಸಿಕ್ಕಿದೆ ಎಂದು ಅನುಮಾನ ಬಂದರೆ ಕಟ್ಟಡದಿಂದ ಹೊರಗಿಡಿಸುವ ಕೆಲಸವನ್ನು ಅಗ್ನಿಶಾಮಕ ದಳದವರಿಗೇ ಬಿಡಿ.

ಅಂಚು ಸುಟ್ಟು ಕರಕಲಾಗಿದೆ. ಅಷ್ಟನ್ನು ಕತ್ತರಿಸಿ ತೆಗೆಯಬಹುದಲ್ಲ?

ಅವಸರ ಬೇಡ. ಕಂದಿದ ಕಾಗದದಲ್ಲೂ ಅಕ್ಷರ ಇರುತ್ತದೆ. ಬರಿಗಣ್ಣಿಗೆ ಕಾಣದ ಬರಹ ಅತಿಗೆಂಪು ಬೆಳಕಿನ ಕ್ಯಾಮೆರಾದಲ್ಲಿ ಎಷ್ಟೋ ಸಲ ಕಾಣಿಸುತ್ತದೆ. ಜರ್ಮನಿಯ ವೈಮಾರ್‌ನಲ್ಲಿ 2004ರ ಸೆಪ್ಟೆಂಬರ್ 2ರಂದು ಅನ್ನಾ ಅಮಾಲಿಯಾ ಗ್ರಂಥಾಲಯಕ್ಕೆ ಬೆಂಕಿ ಬಿದ್ದು ಸುಮಾರು 50,000 ಪುಸ್ತಕ ನಾಶವಾದವು, ಇನ್ನೂ 62,000 ಬೆಂಕಿ ನೀರಿಗೆ ಸಿಕ್ಕವು. ನಾಲ್ಕೂ ಅಂಚು ಸುಟ್ಟು ನಡುವಿನ ಬರಹ ಮಾತ್ರ ಉಳಿದ ಹಾಳೆಗಳನ್ನು ಅವರು ಗುಡಿಸಿ ಹಾಕಲಿಲ್ಲ. ಅದಕ್ಕೆಂದೇ ಕಾರ್ಯಾಗಾರ ಕಟ್ಟಿ, ಒಂದೊಂದೇ ಹಾಳೆಗೆ ತೆಳು ಜಪಾನಿ ಕಾಗದದ ಆಸರೆ ಕೊಟ್ಟು ಮತ್ತೆ ಓದಲು ಬರುವಂತೆ ಮಾಡಿದರು.

ನೀವು ಮಾಡಬೇಕಾದದ್ದು ಇಷ್ಟು: ಸುಟ್ಟ ಹಾಳೆಯನ್ನು ಕೈಯಿಂದ ಎತ್ತದೆ, ಅಡಿಗೆ ಗಟ್ಟಿ ರಟ್ಟು ಜಾರಿಸಿ ಎತ್ತಿ, ಅಗಲ ಡಬ್ಬಿಯಲ್ಲಿ ಮಲಗಿಸಿ. ಉದುರಿದ ಚೂರುಗಳನ್ನು ಅದೇ ಹಾಳೆಯ ಹೆಸರು ಬರೆದ ಲಕೋಟೆಗೆ ಹಾಕಿ. ಸೆಲೋಟೇಪ್ ಹಚ್ಚಬೇಡಿ, ಲ್ಯಾಮಿನೇಷನ್ ಮಾಡಿಸಲೇಬೇಡಿ.

ಬೆಂಕಿ ಆರಿಸಲು ಸಿಲಿಂಡರಿನ ಪುಡಿ ಹೊಡೆದೆವು. ಈಗ ಎಲ್ಲೆಲ್ಲೂ ಹಳದಿ ಪುಡಿ.

ಅದು ಎ.ಬಿ.ಸಿ. ಪುಡಿ, ಮುಖ್ಯವಾಗಿ ಮೋನೋ ಅಮೋನಿಯಂ ಫಾಸ್ಫೇಟ್. ಗಾಳಿಯ ತೇವ ಹೀರಿ ಅಂಟಾಗುತ್ತದೆ, ಹುಳಿ ಗುಣದ್ದು, ಲೋಹವನ್ನು ತಿನ್ನುತ್ತದೆ. ಮಳೆಗಾಲದಲ್ಲಾದರೆ ಮಸಿಗಿಂತ ಮೊದಲು ಇದನ್ನೇ ಹೆಪಾ ವ್ಯಾಕ್ಯೂಮಿನಿಂದ ತೆಗೆಯಿರಿ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಹೊಡೆದಿದ್ದರೆ ಹಿಂದೆ ಏನೂ ಉಳಿಯುವುದಿಲ್ಲ.

ಮಸಿ ಹೋಯಿತು, ಘಾಟು ಹೋಗಲೊಲ್ಲದು. ಓಝೋನ್ ಯಂತ್ರ ತರಿಸಿ ಎನ್ನುತ್ತಾರೆ.

ದಾಖಲೆ ಇರುವ ಕೋಣೆಯಲ್ಲಿ ಓಝೋನ್ ಬಿಡಿಸಬೇಡಿ. ಹೋಟೆಲ್ ಕೋಣೆ, ಸುಟ್ಟ ಮನೆಗಳಲ್ಲಿ ಅದನ್ನು ಬಳಸುತ್ತಾರೆ, ವಾಸನೆಯೂ ಹೋಗುತ್ತದೆ. ಆದರೆ ಓಝೋನ್ ಘಾಟಿನ ಅಣುಗಳನ್ನು ಸುಡುವಂತೆಯೇ ಕಾಗದದ ಸೆಲ್ಯುಲೋಸ್, ಚರ್ಮದ ಹೊದಿಕೆ, ಬಣ್ಣ, ರಬ್ಬರ್ ಎಲ್ಲವನ್ನೂ ಸುಡುತ್ತದೆ. ಇವತ್ತು ಘಾಟು ಹೋಯಿತೆಂದು ಸಂತೋಷಪಟ್ಟು, ಇನ್ನು ಹತ್ತು ವರ್ಷಕ್ಕೆ ಪುಡಿಯಾಗುವ ಕಾಗದವನ್ನು ಕೈಗೆ ತೆಗೆದುಕೊಂಡಂತೆ. ಸುಗಂಧದ ಸ್ಪ್ರೇ, ಊದುಬತ್ತಿ, ಸಾಂಬ್ರಾಣಿ ಹೊಗೆ ಇವೂ ಬೇಡ. ಹೊಗೆಯ ಮೇಲೆ ಹೊಗೆ ಏಕೆ?

ಘಾಟಿನ ಬಹುಪಾಲು ಮಸಿಯಲ್ಲೇ ಇರುವುದರಿಂದ ಶುಚಿ ಸರಿಯಾಗಿ ಆದಷ್ಟೂ ಅದು ಇಳಿಯುತ್ತದೆ. ಹಳೆಯ ರಟ್ಟಿನ ಪೆಟ್ಟಿಗೆ, ಕೆಂಪು ಬಟ್ಟೆ, ದಾರ ಎಲ್ಲ ಬದಲಿಸಿ. ಒಣ ಹವೆಯ ದಿನಗಳಲ್ಲಿ ಕಡತಗಳನ್ನು ಚೊಕ್ಕಟ ಕೋಣೆಯಲ್ಲಿ ಹರವಿ ಗಾಳಿಯಾಡಿಸಿ. ಆಮೇಲೂ ಉಳಿದರೆ ಮುಚ್ಚಳವಿರುವ ದೊಡ್ಡ ಡಬ್ಬಿಯ ತಳದಲ್ಲಿ ಸಕ್ರಿಯ ಇದ್ದಿಲು ಅಥವಾ ಅಡುಗೆ ಸೋಡಾ ಇರುವ ತಟ್ಟೆ, ಮೇಲೆ ಜಾಲರಿ, ಅದರ ಮೇಲೆ ಕಡತ ಇಟ್ಟು ಮುಚ್ಚಿ. ಪುಡಿ ಕಾಗದಕ್ಕೆ ತಾಗಬಾರದು. ವಾರ, ಎರಡು ವಾರ, ಕೆಲವಕ್ಕೆ ತಿಂಗಳು ಬೇಕಾಗುತ್ತದೆ. ನಡುನಡುವೆ ತೆರೆದು ಬೂಷ್ಟು ನೋಡಿ.

ಆಮ್ಲ ಉಳಿದಿದೆಯೋ ಇಲ್ಲವೋ ತಿಳಿಯುವುದು ಹೇಗೆ?

ಅಸಿಟಿಕ್ ಆಮ್ಲದ ಆವಿಗೆ ಬಣ್ಣ ಬದಲಿಸುವ ಪಟ್ಟಿಗಳು ಸಿಗುತ್ತವೆ. ಮೊದಲು ನೀಲಿ, ಆವಿ ಹೆಚ್ಚಿದಂತೆ ಹಸಿರು, ಆಮೇಲೆ ಹಳದಿ. ಮುಚ್ಚಿದ ಪೆಟ್ಟಿಗೆಯೊಳಗೆ ಒಂದು ದಿನ ಇಟ್ಟು ನೋಡಿ. ಹೊಳಪಿಗೆ ಉಜ್ಜಿದ ತಾಮ್ರ, ಬೆಳ್ಳಿ, ಸೀಸದ ಚಿಕ್ಕ ತುಂಡುಗಳನ್ನು ರ್‍ಯಾಕಿನಲ್ಲಿಟ್ಟು ತಿಂಗಳು ತಿಂಗಳು ಗಮನಿಸುವುದು ಇನ್ನೊಂದು ದಾರಿ. ತಾಮ್ರ ಹಸಿರಾದರೆ ಕ್ಲೋರೈಡ್, ಬೆಳ್ಳಿ ಕಪ್ಪಾದರೆ ಗಂಧಕ, ಸೀಸದ ಮೇಲೆ ಬಿಳಿ ಪುಡಿ ಬಂದರೆ ಅಸಿಟಿಕ್‌ನಂಥ ಸಾವಯವ ಆಮ್ಲ ಎಂದು ಅನುಮಾನಿಸಬಹುದು. ಕೋಣೆಗೆ ಹೊಸ ಬಣ್ಣ ಬಳಿಸಿದರೆ ಅದರ ಆವಿಯೂ ಸೇರುತ್ತದೆ, ಕೆಲವು ವಾರ ಬಿಟ್ಟೇ ಕಡತ ಒಳಗೆ ತನ್ನಿ.

ಕೆಲಸ ಮಾಡುವವರಿಗೆ ಏನು ಅಪಾಯ?

ಬಟ್ಟೆಯ ಮಾಸ್ಕ್ ಸಾಲದು, ಎನ್-95 ಕನಿಷ್ಠ. ಘಾಟು ಕಣ್ಣು ಉರಿಸುವಷ್ಟಿದ್ದರೆ ಆವಿ ಹೀರುವ ಕಾರ್ಟ್ರಿಜ್ ಇರುವ ಮುಖಕವಚ ಬೇಕು. ಕೈಗೆ ನೈಟ್ರೈಲ್ ಗ್ಲೌಸ್, ಕಪ್ಪಾದ ಕೂಡಲೇ ಬದಲಿಸಿ. ಕಟ್ಟಡಕ್ಕೆ ಆಸ್ಬೆಸ್ಟಾಸ್ ಸಿಮೆಂಟ್ ಶೀಟಿನ ಮಾಡು ಇದ್ದು ಅದು ಸಿಡಿದಿದ್ದರೆ ಬೂದಿಯಲ್ಲಿ ಕಲ್ನಾರು ಇರುತ್ತದೆ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು. 2019ರಲ್ಲಿ ಪ್ಯಾರಿಸ್ಸಿನ ನೋಟ್ರ ಡಾಂ ಉರಿದಾಗ ಮಾಡಿನಲ್ಲಿ 400 ಟನ್ನಿಗೂ ಮಿಕ್ಕಿ ಸೀಸ ಇತ್ತು, ಅದರ ಧೂಳು ಸುತ್ತಲಿನ ಬೀದಿಗಳಿಗೂ ಹರಡಿ ಶುಚಿ ಕೆಲಸವನ್ನೇ ನಿಲ್ಲಿಸಬೇಕಾಯಿತು. ನಮ್ಮ ರೆಕಾರ್ಡ್ ರೂಮುಗಳಲ್ಲಿ ಗೆದ್ದಲು, ಜಿರಳೆಗೆಂದು ವರ್ಷಗಟ್ಟಲೆ ಎರಚಿದ ಡಿ.ಡಿ.ಟಿ., ಗ್ಯಾಮಕ್ಸಿನ್ ಪುಡಿಯೂ ಆ ಧೂಳಿನಲ್ಲಿ ಸೇರಿರುತ್ತದೆ.

ಇಂಥ ಕೆಲಸಕ್ಕೆ ದಿನಗೂಲಿಯವರನ್ನು ಬರಿಗೈಯಲ್ಲಿ ಇಳಿಸುವುದು ಅನ್ಯಾಯ. ಮಾಸ್ಕು, ಗ್ಲೌಸು, ಕೈಕಾಲು ತೊಳೆಯಲು ನೀರು, ಬಟ್ಟೆ ಬದಲಿಸಲು ಜಾಗ ಇಷ್ಟೂ ಸಿದ್ಧವಾದ ಮೇಲೇ ಕೆಲಸ ಶುರುವಾಗಲಿ.

ಎಲ್ಲವನ್ನೂ ಉಳಿಸಲಾಗುವುದಿಲ್ಲ. ಕೆಲವನ್ನು ಬಿಸಾಡಬಹುದೇ?

ಮುದ್ರಿತ ಗೆಜೆಟ್, ಬೇರೆ ಕಚೇರಿಯಲ್ಲೂ ಇರುವ ಸುತ್ತೋಲೆ, ಮಾರುಕಟ್ಟೆಯಲ್ಲಿ ಸಿಗುವ ಪುಸ್ತಕ ಇವನ್ನು ಕೈಬಿಡಬಹುದು. ಜಗತ್ತಿನಲ್ಲಿ ಒಂದೇ ಪ್ರತಿ ಇರುವುದು ಮೊದಲು: ಕೈಬರಹದ ರಿಜಿಸ್ಟರ್, ಮೂಲ ಪತ್ರ, ಹಸ್ತಪ್ರತಿ, ನಕ್ಷೆ. ಅದಕ್ಕೂ ಮೊದಲು ಸೂಚಿ ಮತ್ತು ಆವಕ ರಿಜಿಸ್ಟರ್. ಅವು ಹೋದರೆ ಏನು ಕಳೆದುಹೋಯಿತು ಎಂದೇ ತಿಳಿಯುವುದಿಲ್ಲ.

ಸರ್ಕಾರಿ ದಾಖಲೆಯಾದರೆ ನಿಮ್ಮಿಷ್ಟದಂತೆ ನಾಶ ಮಾಡುವ ಹಾಗಿಲ್ಲ. ಕೇಂದ್ರದ ದಾಖಲೆಗಳಿಗೆ 1993ರ ಸಾರ್ವಜನಿಕ ದಾಖಲೆ ಕಾಯ್ದೆ ಇದೆ. ಪರಿಶೀಲನೆ ಆಗದೆ, ಪಟ್ಟಿ ಬರೆಯದೆ ನಾಶ ಮಾಡುವಂತಿಲ್ಲ. ಬೂದಿ ರಾಶಿಯೆಂದು ಕಂಡದ್ದನ್ನೂ ಒಮ್ಮೆ ಜಾಲಿಸಿ ನೋಡಿ. 1988ರ ಫೆಬ್ರವರಿಯಲ್ಲಿ ಲೆನಿನ್‌ಗ್ರಾಡಿನ ವಿಜ್ಞಾನ ಅಕಾಡೆಮಿಯ ಗ್ರಂಥಾಲಯ ಉರಿದ ಮೇಲೆ ಅವಶೇಷ ಬಾಚಲು ಬುಲ್ಡೋಜರ್ ತಂದಾಗ ಊರಿನವರು ಅಡ್ಡ ನಿಂತರು. ಆ ಮೇಲೆ ಸಾವಿರಾರು ಜನ ಒದ್ದೆ ಪುಸ್ತಕಗಳನ್ನು ಮನೆಗೆ ಒಯ್ದು, ಒಣಗಿಸಿ, ಮರಳಿ ತಂದುಕೊಟ್ಟರು.

ಶುಚಿ ಮಾಡುವ ಕಂಪನಿಗೆ ಗುತ್ತಿಗೆ ಕೊಟ್ಟರೆ ಮುಗಿಯಿತಲ್ಲ?

ಗೋಡೆ, ನೆಲ, ಡಕ್ಟ್, ರ್‍ಯಾಕುಗಳಿಗೆ ಕೊಡಿ. ಕಾಗದಕ್ಕೆ ಕೊಡುವುದಾದರೆ ಕರಾರಿನಲ್ಲಿ ಬರೆಸಿ: ಓಝೋನ್ ಇಲ್ಲ, ದ್ರವ ಇಲ್ಲ, ಸುಗಂಧ ಇಲ್ಲ. ಬಿಸಾಕುವ ಹತ್ತು ಹಾಳೆಗಳ ಮೇಲೆ ಮೊದಲು ಮಾಡಿ ತೋರಿಸಲಿ.

ನಮ್ಮಲ್ಲಿ ಬೆಂಕಿಯೇ ಬಿದ್ದಿಲ್ಲ. ಹತ್ತಿರದಲ್ಲಿ ಕಸ ಉರಿದು ವಾರಗಟ್ಟಲೆ ಹೊಗೆ ಬಂತು.

ಅದೂ ಲೆಕ್ಕಕ್ಕೆ ಬರುತ್ತದೆ. ಬೆಳ್ಳಂದೂರು ಕೆರೆಗೆ 2017 ಮತ್ತು 2018ರಲ್ಲಿ ಬೆಂಕಿ ಹತ್ತಿದ್ದು, ಕೊಚ್ಚಿಯ ಬ್ರಹ್ಮಪುರಂ ಕಸದ ರಾಶಿ 2023ರ ಮಾರ್ಚಿನಲ್ಲಿ ವಾರಕ್ಕೂ ಮೀರಿ ಹೊಗೆಯಾಡಿದ್ದು ನೆನಪಿರಬಹುದು. ಕಸದಲ್ಲಿ ಪ್ಲಾಸ್ಟಿಕ್ಕೇ ಹೆಚ್ಚು, ಹಾಗಾಗಿ ಅದರ ಹೊಗೆ ಜಿಡ್ಡಿನದ್ದು, ಕ್ಲೋರಿನ್ ಕೂಡಿದ್ದು. ಹೊಗೆ ಇರುವಷ್ಟು ದಿನ ಕಿಟಕಿ ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಿ, ಹೊರಗಾಳಿ ಎಳೆಯುವ ಫ್ಯಾನ್ ನಿಲ್ಲಿಸಿ. ಹೊಗೆ ನಿಂತ ಮೇಲೆ ಹತ್ತಿ ಉಂಡೆಯ ಪರೀಕ್ಷೆ ಮಾಡಿ. ಮಸಿ ಕಂಡರೆ ಪೆಟ್ಟಿಗೆಗಳ ಹೊರಮೈ ಶುಚಿ ಮಾಡಿದರೆ ಹೆಚ್ಚಾಗಿ ಸಾಕಾಗುತ್ತದೆ.

ಸಹಾಯಕ್ಕೆ ಯಾರನ್ನು ಕೇಳಬೇಕು?

ಬೆಂಗಳೂರಿನಲ್ಲಿ ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆ ಇದೆ, ಸರ್ಕಾರಿ ಕಚೇರಿಗಳು ಮೊದಲು ಅಲ್ಲಿಗೇ ತಿಳಿಸಲಿ. ಲಖನೌದ ರಾಷ್ಟ್ರೀಯ ಸಾಂಸ್ಕೃತಿಕ ಸ್ವತ್ತು ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಕೇಂದ್ರ ಮೈಸೂರಿನಲ್ಲಿದೆ. ಓಲೆಗರಿಯಾದರೆ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದವರಿಗೆ ಅನುಭವ ಹೆಚ್ಚು. ಪರಂಪರೆ ಕಾಪಾಡುವ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರ ಬೆಂಗಳೂರಿನಲ್ಲಿದೆ, ಖಾಸಗಿ ಸಂಗ್ರಹದವರೂ ಅಲ್ಲಿ ವಿಚಾರಿಸಬಹುದು.

ಇದೆಲ್ಲ ಎಷ್ಟು ದಿನದ ಕೆಲಸ?

ದಿನದ ಲೆಕ್ಕ ಬಿಡಿ. 1973ರ ಜುಲೈ 12ರಂದು ಅಮೆರಿಕದ ಸೇಂಟ್ ಲೂಯಿಸಿನಲ್ಲಿ ಸೈನಿಕರ ಸೇವಾ ದಾಖಲೆಗಳ ಕಟ್ಟಡಕ್ಕೆ ಬೆಂಕಿ ಬಿದ್ದು ನಾಲ್ಕು ದಿನ ಉರಿಯಿತು. 160ರಿಂದ 180 ಲಕ್ಷ ಕಡತ ಹೋದವು. ಬೂದಿ, ನೀರಿನ ನಡುವಿನಿಂದ 65 ಲಕ್ಷ ಎತ್ತಿದರು. ವಿಮಾನ ಕಂಪನಿಯೊಂದರ ನಿರ್ವಾತ ಕೋಣೆಯಲ್ಲಿ ಒಣಗಿಸಿದರು. ಅರ್ಧ ಶತಮಾನ ಕಳೆದರೂ ಅಲ್ಲಿನ ಪ್ರಯೋಗಾಲಯದವರು ಆ ಸುಟ್ಟಂಚಿನ ಕಡತಗಳನ್ನು ಬಿಡಿಸುತ್ತಲೇ ಇದ್ದಾರೆ. ಮುದುಕರಾದ ಸೈನಿಕರು, ಅವರ ಮಕ್ಕಳು ಪಿಂಚಣಿಗೆಂದೋ ಸೇವೆಯ ಪುರಾವೆಗೆಂದೋ ಅರ್ಜಿ ಹಾಕಿದಾಗ ಆ ಹೆಸರಿನ ಕಡತ ತೆಗೆದು ಶುಚಿ ಮಾಡಿ ಕೊಡುತ್ತಾರೆ. ನಮಗೂ ಇದೇ ಕ್ರಮ ಒಗ್ಗುತ್ತದೆ ಎಂದು ನನಗನ್ನಿಸುತ್ತದೆ: ಎಲ್ಲವನ್ನೂ ಒಣಗಿಸಿ, ಹೊರಗಿನ ಮಸಿ ತೆಗೆದು, ಪೆಟ್ಟಿಗೆಗೆ ಹಾಕಿ ಪಟ್ಟಿ ಮಾಡಿ. ಒಳಹಾಳೆಗಳ ಕೆಲಸ ಬೇಡಿಕೆ ಬಂದಂತೆ ಆಗಲಿ.

ಇನ್ನೊಮ್ಮೆ ಹೀಗಾಗದಂತೆ ಈಗಲೇ ಏನು ಮಾಡಬಹುದು?

ಪೆಟ್ಟಿಗೆ ಕೊಳ್ಳಿ. ಆಮ್ಲರಹಿತ ರಟ್ಟಿನ, ಮುಚ್ಚಳ ಸರಿಯಾಗಿ ಕೂರುವ ಪೆಟ್ಟಿಗೆ ಹೊಗೆಯನ್ನು ಎಷ್ಟು ತಡೆಯುತ್ತದೆ ಎಂಬುದನ್ನು ಒಮ್ಮೆ ಕಂಡವರು ಮತ್ತೆ ತೆರೆದ ರ್‍ಯಾಕಿನಲ್ಲಿ ಕಡತ ಇಡುವುದಿಲ್ಲ. ಸ್ಪ್ರಿಂಕ್ಲರ್ ಎಂದರೆ ನೀರಿನ ಹೆದರಿಕೆಯಿಂದ ಬೇಡ ಎನ್ನುವವರಿದ್ದಾರೆ. ಸೇಂಟ್ ಲೂಯಿಸಿನಲ್ಲಿ ಬೆಂಕಿ ಬಿದ್ದ ಮಹಡಿಯಲ್ಲಿ ಅದು ಇರಲಿಲ್ಲ. ಕೊನೆಗೆ ನಾಲ್ಕು ದಿನ ಪೈಪಿನ ನೀರು ಸುರಿಯಬೇಕಾಯಿತು. ಸ್ಪ್ರಿಂಕ್ಲರಿನ ಒಂದೊಂದು ತಲೆಯೂ ತನಗೆ ಕಾವು ತಾಗಿದಾಗ ಮಾತ್ರ, ಸಾಮಾನ್ಯವಾಗಿ 68 ಡಿಗ್ರಿಗೆ ತೆರೆಯುತ್ತದೆ, ಇಡೀ ಕೋಣೆಗೆ ಒಟ್ಟಿಗೆ ಮಳೆ ಬರುವುದಿಲ್ಲ. ಕೇಪ್‌ಟೌನ್ ವಿಶ್ವವಿದ್ಯಾಲಯದ ಜಾಗರ್ ಗ್ರಂಥಾಲಯದಲ್ಲಿ 2021ರ ಏಪ್ರಿಲ್ 18ರಂದು ವಾಚನಾಲಯ ಪೂರ್ತಿ ಸುಟ್ಟಿತು. ನೆಲಮಾಳಿಗೆಯ ಭಂಡಾರಗಳಿಗೆ ಬೆಂಕಿ ಇಳಿಯದಂತೆ ತಡೆದದ್ದು ತಾನಾಗಿ ಮುಚ್ಚಿಕೊಂಡ ಅಗ್ನಿ ಬಾಗಿಲುಗಳು. ಅಷ್ಟು ದುಡ್ಡಿಲ್ಲದ ಕಚೇರಿಯಲ್ಲೂ ಗೋಡೆಯ ಕೇಬಲ್ ತೂತುಗಳನ್ನು ಬೆಂಕಿ ತಡೆಯುವ ಲೇಪದಿಂದ ಮುಚ್ಚಿಸಬಹುದು, ಹಳೆಯ ವೈರಿಂಗನ್ನು ವಿದ್ಯುತ್ ಪರಿವೀಕ್ಷಕರಿಂದ ತಪಾಸಣೆ ಮಾಡಿಸಬಹುದು, ರೆಕಾರ್ಡ್ ರೂಮಿನ ಮೈನ್ ಸ್ವಿಚ್ಚನ್ನು ಬಾಗಿಲ ಹೊರಗೆ ತರಿಸಿ ಸಂಜೆ ಆರಿಸುವ ಹೊಣೆಯನ್ನು ಒಬ್ಬರ ಹೆಸರಿಗೆ ಬರೆದು ಕೊಡಬಹುದು.